ಸ್ಕಿಮ್ಮರ್ ನಿಲ್ಲಿಸಿದ ಟ್ಯಾಂಕ್: ಬೆಂಗಳೂರಿನ ಒಂದು ಪ್ರಕರಣ

ಮನೆಯ ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೊಟೀನ್ ಸ್ಕಿಮ್ಮರ್ ಬೇಕೇ ಬೇಕಾ? ಉಪ್ಪುನೀರಿನ ಹವ್ಯಾಸಕ್ಕೆ ಬಂದವರೆಲ್ಲ ಇದನ್ನು ಕೇಳುತ್ತಾರೆ. ಒಬ್ಬರು "ಇಲ್ಲದೆ ಆಗೋದೇ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು "ನಾನು ಅದಿಲ್ಲದೆ ಚೆನ್ನಾಗೇ ನಡೆಸ್ತಿದ್ದೀನಿ" ಅಂತ ಫೋಟೋ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ತೊಂದರೆ ಇರುವುದೇ ಅಲ್ಲಿ.

ಇಲ್ಲಿ ಬರೆದಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಟ್ಯಾಂಕಿನ ವಿಷಯ. ಅದರಲ್ಲಿ ಸ್ಕಿಮ್ಮರ್ ಓಡಿದೆ, ನಿಂತಿದೆ, ಮತ್ತೆ ಓಡಿದೆ. ಒಂದೊಂದು ಸಲ ಒಂದೊಂದು ಕಾರಣ. ಟ್ಯಾಂಕಿನವರನ್ನು ರಾಯರು ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಅಂಕಿಗಳೆಲ್ಲ ಅವರ ನೋಟ್‌ಬುಕ್ಕಿನವು.

ಟ್ಯಾಂಕ್ ಹೇಗಿತ್ತು

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಸಂಪ್, ಅಂದರೆ ಉಪಕರಣಗಳನ್ನಿಡುವ ಇನ್ನೊಂದು ತೊಟ್ಟಿ. ಕಲ್ಲು, ಮರಳು ಕಳೆದರೆ ಒಟ್ಟು ನೀರು ಸುಮಾರು 190 ಲೀಟರ್. ಮನೆಗೆ ಬರುವುದು ಗಡಸು ಬೋರ್‌ವೆಲ್ ನೀರು. ಅದನ್ನು ಆರ್‌ಓ, ಆಮೇಲೆ ಡಿಐ (ಉಳಿದ ಲವಣ ಹೀರುವ ಫಿಲ್ಟರ್) ದಾಟಿಸಿ, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ತೋರಿಸಿದ ಮೇಲೆಯೇ ಉಪ್ಪು ಬೆರೆಸುತ್ತಿದ್ದರು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ).

ಮೀನು ನಾಲ್ಕೇ: ಒಂದು ಜೋಡಿ ಕ್ಲೌನ್, ಒಂದು ವಾಚ್‌ಮನ್ ಗೋಬಿ, ಒಂದು ಫೈರ್‌ಫಿಶ್. ಜೊತೆಗೆ ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು. ಹವಳಗಳೆಲ್ಲ ಮೆತ್ತನೆ ಜಾತಿಯವು: ಜೋವಾ, ಮಶ್ರೂಮ್, ಟೋಡ್‌ಸ್ಟೂಲ್ ಲೆದರ್, ಜೀನಿಯಾ. ಇದಕ್ಕೊಂದು ಕಾರಣ ಇದೆ. ನಮ್ಮಲ್ಲಿ ಕಲ್ಲುಹವಳಗಳೂ ಸಮುದ್ರ ಬೀಸಣಿಗೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಅಂಗಡಿಯವರು ಏನೇ ಹೇಳಲಿ, ರಾಯರು ಆ ಕಡೆ ತಲೆ ಹಾಕಲಿಲ್ಲ. ಟ್ಯಾಂಕಿನ ಕಲ್ಲು ಕೂಡ ಕೃತಕವಾಗಿ ಮಾಡಿದ ಒಣ ಕಲ್ಲು.

ನೀರಿನ ಕೊಳೆ ತೆಗೆಯಲು ಅವರ ಬಳಿ ಸ್ಕಿಮ್ಮರ್, ನೈಟ್ರೇಟ್, ಫಾಸ್ಫೇಟ್ ಹೀರಿ ಬೆಳೆಯಲಿ ಅಂತ ಸಂಪಿನಲ್ಲಿಟ್ಟ ಚೀಟೋ ಪಾಚಿ, ಫಾಸ್ಫೇಟ್ ಹೀರುವ ಜಿಎಫ್ಓ (ಕಬ್ಬಿಣದ ಆಕ್ಸೈಡ್ ಕಾಳು) ತುಂಬಿದ ರಿಯಾಕ್ಟರ್, ಮೂರೂ ಇದ್ದವು. ಅದರ ಮೇಲೆ ವಾರಕ್ಕೊಮ್ಮೆ ಹತ್ತು ಶೇಕಡಾ ನೀರು ಬದಲು. ಸ್ಕಿಮ್ಮರ್ 400 ಲೀಟರ್ ಟ್ಯಾಂಕಿಗೆ ಮಾಡಿದ್ದು. "ದೊಡ್ಡದೇ ಇರಲಿ ಸರ್, ಮುಂದೆ ಬೇಕಾಗತ್ತೆ" ಅಂತ ಮಾರಿದವರು ಹೇಳಿದ್ದರು. ನಾಲ್ಕು ಸಣ್ಣ ಮೀನಿಗೆ ಇಷ್ಟೆಲ್ಲ ಜಾಸ್ತಿ ಅಲ್ವಾ ಅನ್ನಿಸಿದರೆ, ನಿಮ್ಮ ಲೆಕ್ಕ ಸರಿಯಾಗಿದೆ.

ಸ್ಕಿಮ್ಮರ್ ಕೆಲಸ ಮಾಡುವ ರೀತಿ ಗೊತ್ತಿಲ್ಲದವರಿಗೆ: ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಕಟ್ಟುತ್ತದಲ್ಲ, ಸೌಟಿನಲ್ಲಿ ತೆಗೆದು ಚೆಲ್ಲುತ್ತೇವಲ್ಲ, ಅದೇ ಇದು. ಪಂಪು ನೀರಿಗೆ ಗಾಳಿ ಸೇರಿಸಿ ಸಣ್ಣ ಸಣ್ಣ ಗುಳ್ಳೆ ಮಾಡುತ್ತದೆ. ಮೀನಿನ ಲೋಳೆ, ತಿನ್ನದೆ ಉಳಿದ ಆಹಾರದ ಪ್ರೊಟೀನು, ಕೊಬ್ಬು ಗುಳ್ಳೆಗೆ ಅಂಟಿಕೊಂಡು ಮೇಲೇರಿ ಕಪ್ಪಿಗೆ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಬೆರೆತು ದೊಡ್ಡದಾಗುವುದಿಲ್ಲ. ಹಾಗಾಗಿ ಇದು ಅಲ್ಲಿ ನಡೆಯುತ್ತದೆ, ಸಿಹಿನೀರಿನ ಟ್ಯಾಂಕಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನೈಟ್ರೇಟನ್ನೋ ಫಾಸ್ಫೇಟನ್ನೋ ಸ್ಕಿಮ್ಮರ್ ನೇರವಾಗಿ ತೆಗೆಯುವುದಿಲ್ಲ. ಕೊಳೆತು ಅವಾಗುವ ಮೊದಲೇ ಒಂದಷ್ಟನ್ನು ಎತ್ತಿ ಹಾಕುತ್ತದೆ, ಅಷ್ಟೇ.

ಶುರುವಾದ ತೊಂದರೆ

ಎರಡು ದೂರು ಒಟ್ಟಿಗೇ ಬಂದವು. ಒಂದು ರಾಯರ ತಾಯಿಯದು. ಟ್ಯಾಂಕ್ ಇರುವ ಹಾಲ್ ಪಕ್ಕದ ರೂಮಿನಲ್ಲಿ ಮಲಗುವವರು ಅವರು. "ರಾತ್ರಿಯೆಲ್ಲ ಕೊರ್ ಅಂತಿರತ್ತೆ ಕಣೋ. ಒಂದು ದಿನ ಆಫ್ ಮಾಡಿದ್ರೆ ಏನು ಮೀನು ಸಾಯತ್ತಾ?"

ಎರಡನೆಯದು ಟ್ಯಾಂಕಿನದು. ಜೋವಾಗಳು ಬಣ್ಣ ಕಳೆದುಕೊಂಡು ಅರ್ಧಂಬರ್ಧ ಅರಳುತ್ತಿದ್ದವು. ಲೆದರ್ ಹವಳ ವಾರಗಟ್ಟಲೆ ಮುದುಡಿಕೊಂಡೇ ಇತ್ತು. ಮರಳಿನ ಮೇಲೆ ಕಂದು ಲೋಳೆ. ಬೆಳಿಗ್ಗೆ ತೆಳ್ಳಗೆ, ಮಧ್ಯಾಹ್ನದ ಹೊತ್ತಿಗೆ ದಪ್ಪ, ಎಳೆ ಎಳೆಯಾಗಿ ಮೇಲೆದ್ದು ತುದಿಯಲ್ಲಿ ಗಾಳಿಗುಳ್ಳೆ. ಲೈಟು ಆರಿದ ಮೇಲೆ ಮಾಯ. ಬಸವನಹುಳುಗಳು ಒಂದೊಂದಾಗಿ ಮಗುಚಿ ಬೀಳುತ್ತಿದ್ದವು.

ಕೊಳೆ ಅಂತ ತಿಳಿದು ರಾಯರು ಇನ್ನಷ್ಟು ತೊಳೆದರು. ಆಹಾರ ದಿನ ಬಿಟ್ಟು ದಿನಕ್ಕೆ ಇಳಿಸಿದರು, ನೀರು ಹೆಚ್ಚು ಬದಲಿಸಿದರು. ಲೋಳೆಯೂ ಹೆಚ್ಚಾಯಿತು. ಟೆಸ್ಟ್ ನೋಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಮೀಟರಿನಲ್ಲೂ 0.00. ಸ್ಕಿಮ್ಮರ್ ಕಪ್ಪಿನಲ್ಲಿ ಕೊಳೆಯೇ ಇಲ್ಲ, ತೆಳು ಹಳದಿ ನೀರು. ನೊರೆ ಕುತ್ತಿಗೆವರೆಗೆ ಏರಿ ಅಲ್ಲೇ ಕುಸಿಯುತ್ತಿತ್ತು. ಟ್ಯಾಂಕಿಗೆ ಮೀರಿದ ಸ್ಕಿಮ್ಮರಿನ ಲಕ್ಷಣ ಇದು: ನೊರೆ ನಿಲ್ಲುವಷ್ಟು ಕೊಳೆಯೇ ನೀರಿನಲ್ಲಿರುವುದಿಲ್ಲ.

ರಾಯರ ಮಗಳ ಬಳಿ ಬಯಾಲಜಿಗೆ ಕೊಂಡ ಮೈಕ್ರೋಸ್ಕೋಪ್ ಇತ್ತು. ಲೋಳೆಯ ಒಂದು ಹನಿ ಇಟ್ಟು 400 ಪಟ್ಟು ದೊಡ್ಡದು ಮಾಡಿ ನೋಡಿದೆವು. ಒಂದು ತುದಿ ದುಂಡು, ಇನ್ನೊಂದು ಚೂಪು. ಚೂಪಿನ ತುದಿ ಒಂದೇ ಕಡೆ ಊರಿಕೊಂಡು ಗಿರಗಿರ ತಿರುಗುವ ಕಣಗಳು. ಡೈನೋಫ್ಲಾಜೆಲೇಟ್ ಅನ್ನುವ ಒಂದೇ ಕೋಶದ ಜೀವಿ, ಅದರಲ್ಲೂ ಆಸ್ಟ್ರಿಯಾಪ್ಸಿಸ್. ಇದರ ವಿಷವೇ ಹುಳುಗಳನ್ನು ಕೊಲ್ಲುತ್ತಿದ್ದದ್ದು. ನೈಟ್ರೇಟ್, ಫಾಸ್ಫೇಟ್ ತಳ ಮುಟ್ಟಿದ ಟ್ಯಾಂಕಿನಲ್ಲಿ ಉಳಿದ ಪಾಚಿ, ಬ್ಯಾಕ್ಟೀರಿಯಾಗಳು ಸೊರಗಿ ಇದಕ್ಕೆ ಜಾಗ ಬಿಟ್ಟುಕೊಡುವುದನ್ನು ಬೇರೆ ಟ್ಯಾಂಕುಗಳಲ್ಲೂ ನೋಡಿದ್ದೇವೆ. ಹವಳಕ್ಕೂ ಅದೇ ಕಷ್ಟ. ಅದರೊಳಗಿನ ಪಾಚಿಗೂ ಸ್ವಲ್ಪ ಸಾರಜನಕ, ಸ್ವಲ್ಪ ರಂಜಕ ಬೇಕು.

ಅಂದರೆ ಈ ಟ್ಯಾಂಕಿಗೆ ಬೇಕಾಗಿದ್ದದ್ದು ಶುಚಿ ಅಲ್ಲ, ಊಟ.

ಏನನ್ನು ನಿಲ್ಲಿಸುವುದು?

ಮೊದಲ ತೀರ್ಮಾನ ಇಲ್ಲಿ. ಮೊದಲು ಜಿಎಫ್ಓ ತೆಗೆಯೋಣ, ಎರಡು ವಾರ ನೋಡೋಣ ಅಂತ ನನ್ನ ಮಾತು. ಫಾಸ್ಫೇಟನ್ನು ನೇರವಾಗಿ ಹೀರುವುದು ಅದೇ. ಸ್ಕಿಮ್ಮರಿನ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. 2009ರಲ್ಲಿ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಜೊತೆಗಾರರು ಹಲವು ಸ್ಕಿಮ್ಮರುಗಳನ್ನು ಅಳೆದು ನೋಡಿದ್ದರು. ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದಲ್ಲಿ ಸ್ಕಿಮ್ಮರ್ ತೆಗೆಯುತ್ತಿದ್ದದ್ದು ಸುಮಾರು 20ರಿಂದ 30 ಶೇಕಡಾ ಮಾತ್ರ. ಬೆಲೆ ಹೆಚ್ಚಿದ್ದರೆ ಹೆಚ್ಚು ತೆಗೆಯುತ್ತದೆ ಅಂತಲೂ ಕಾಣಲಿಲ್ಲ.

ರಾಯರಿಗೆ ಅಷ್ಟು ತಾಳ್ಮೆ ಇರಲಿಲ್ಲ. "ಸರ್, ಅಮ್ಮನ ನಿದ್ದೆನೂ ನೋಡ್ಬೇಕಲ್ಲ" ಅಂದರು. ಅದೂ ಸರಿಯೇ. ಒಂದೇ ದಿನ ಜಿಎಫ್ಓ ತೆಗೆದರು, ಸ್ಕಿಮ್ಮರ್ ಆಫ್ ಮಾಡಿದರು, ಆಹಾರ ದಿನಕ್ಕೆ ಎರಡು ಹೊತ್ತು ಮಾಡಿದರು, ನೀರು ಬದಲಿಸುವುದನ್ನೂ ತಾತ್ಕಾಲಿಕವಾಗಿ ಬಿಟ್ಟರು. ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತದೆ. ಹಾಗಾಗಿ ಗೆಳೆಯರೊಬ್ಬರಿಂದ, ಹಾದುಹೋಗುವ ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ ಲೈಟು ತಂದು ರಾತ್ರಿ ಹೊತ್ತು ಓಡಿಸಿದೆವು.

ಮೂರು ವಾರಕ್ಕೆ ನೈಟ್ರೇಟ್ 5 ಪಿಪಿಎಂ (ಹತ್ತು ಲಕ್ಷಕ್ಕೆ 5 ಭಾಗ), ಫಾಸ್ಫೇಟ್ 0.05. ಲೋಳೆ ತೆಳುವಾಗಿ, ಆಮೇಲೆ ಮೂಲೆಗಳಲ್ಲಷ್ಟೇ ಉಳಿದು, ಕೊನೆಗೆ ಹೋಯಿತು. ಲೆದರ್ ಮೇಲಿನ ಪೊರೆ ಕಳಚಿ ಅರಳಿತು. ಜೀನಿಯಾ ಮುಷ್ಟಿ ಬಿಚ್ಚಿ ಮುಚ್ಚುವ ಆಟ ಮತ್ತೆ ಶುರು ಮಾಡಿತು.

"ಸ್ಕಿಮ್ಮರೇ ವಿಲನ್ ಆಗಿತ್ತು" ಅಂತ ರಾಯರು ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ. ಅಷ್ಟೊಂದು ಬದಲಾವಣೆ ಒಟ್ಟಿಗೆ ಮಾಡಿದ ಮೇಲೆ ಯಾವುದರಿಂದ ಏನಾಯಿತು ಅಂತ ಯಾರು ಹೇಳುತ್ತಾರೆ? ಇಂಥ ಟ್ಯಾಂಕಿನವರೇ ಆಮೇಲೆ "ಸ್ಕಿಮ್ಮರ್ ತೆಗೆದೆ, ಎಲ್ಲ ಸರಿಹೋಯ್ತು" ಅಂತ ಊರೆಲ್ಲ ಹೇಳಿಕೊಂಡು ಬರುವುದು.

ಹಬ್ಬದ ಬೆಳಿಗ್ಗೆ

ಸದ್ದು ಹೋದ ಸುಖ ಕಂಡ ಮೇಲೆ ಮನೆಯವರಿಗೆ ಉಳಿದ ಸದ್ದುಗಳೂ ಕೇಳತೊಡಗಿದವು. ಓವರ್‌ಫ್ಲೋ ಪೈಪಿನ (ಟ್ಯಾಂಕಿನ ಮೇಲ್ಮೈ ನೀರನ್ನು ಸಂಪಿಗೆ ಇಳಿಸುವುದು) ಗಳಗಳ ತಗ್ಗಿಸಲು ರಾಯರು, ಆ ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿನ ವೇಗ ಇಳಿಸಿದರು. ಮರಳಿನ ಮೇಲೆ ಲೋಳೆ ಮತ್ತೆ ಕೂರದಿರಲಿ ಅಂತ ನೀರು ಕಲಕುವ ವೇವ್‌ಮೇಕರನ್ನು ಕೆಳಗೆ ತಿರುಗಿಸಿದ್ದರು. ಫೈರ್‌ಫಿಶ್ ಹಾರಿ ಬೀಳದಿರಲಿ ಅಂತ ಮೇಲೆ ಗಾಜಿನ ಮುಚ್ಚಳ ಕೂರಿಸಿದರು. ಒಂದೊಂದನ್ನೂ ಬೇರೆಯಾಗಿ ನೋಡಿದರೆ ತಪ್ಪೇನಿಲ್ಲ.

ಆಗಸ್ಟ್ ಬಂತು. ಬಿಡದ ಮಳೆ, ಕಿಟಕಿಗಳೆಲ್ಲ ಬಂದ್. ವರಮಹಾಲಕ್ಷ್ಮಿ ಹಬ್ಬಕ್ಕೆ ನೆಂಟರು ಬಂದು ಹಾಲ್‌ನಲ್ಲೇ ಮಲಗಿದ್ದರು. ಬೆಳಗಿನ ಜಾವ ಎದ್ದ ರಾಯರ ತಾಯಿಗೆ ಕಂಡದ್ದು ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಎರಡೂ ಕ್ಲೌನ್ ಮೀನು. ಗೋಬಿ ಬಿಲದಿಂದ ಆಚೆ ಬಂದು ಗಾಜಿಗೆ ಒರಗಿತ್ತು. ಮಗನನ್ನು ಎಬ್ಬಿಸಿದವರು ಅವರೇ.

ರಾಯರು ಮಾಡಿದ ಮೊದಲ ಕೆಲಸ ಸರಿಯಾಗಿತ್ತು. ಮುಚ್ಚಳ ತೆಗೆದರು, ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದರು, ಆಮೇಲೆ ಸ್ಕಿಮ್ಮರ್ ಸ್ವಿಚ್ ಹಾಕಿದರು. ಅರ್ಧ ಗಂಟೆಯಲ್ಲಿ ಮೀನು ಕೆಳಗಿಳಿದವು. ಒಂದೂ ಸಾಯಲಿಲ್ಲ.

ಅವತ್ತು ಪಿಎಚ್ 7.7 ಇತ್ತು, ರೀಫ್ ಟ್ಯಾಂಕಿಗೆ ಕಡಿಮೆ. ಕ್ಷಾರತೆ (ಪಿಎಚ್ ಏರುಪೇರಾಗದಂತೆ ಹಿಡಿಯುವ ಶಕ್ತಿ) 8.2 ಡಿಕೆಎಚ್, ಅದರಲ್ಲಿ ಏನೂ ಕೊರತೆ ಇಲ್ಲ. ನೀರಿನ ಮೇಲೆ ಟಾರ್ಚ್ ಹಿಡಿದರೆ ಎಣ್ಣೆಯಂಥ ಪೊರೆ ಹೊಳೆಯುತ್ತಿತ್ತು. ಬೆರಳು ಆಡಿಸಿದರೆ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ರಾತ್ರಿ ಲೈಟಿಲ್ಲದಾಗ ಹವಳ, ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಆಮ್ಲಜನಕ ಎಳೆಯುವವೇ. ಕೊಡುವುದು ನೀರಿನ ಮೇಲ್ಮೈ ಒಂದೇ. ಆ ಮೇಲ್ಮೈಯನ್ನೇ ಪೊರೆ ಮುಚ್ಚಿತ್ತು, ಅದರ ಮೇಲೆ ಗಾಜು. ವೇವ್‌ಮೇಕರ್ ಕೆಳಗೆ ನೋಡುತ್ತಿತ್ತು. ಓವರ್‌ಫ್ಲೋಗೆ ಪೊರೆ ಎಳೆಯುವಷ್ಟು ಹರಿವೂ ಇರಲಿಲ್ಲ.

ಸ್ಕಿಮ್ಮರ್ ಓಡುತ್ತಿದ್ದಾಗ ಆ ಟ್ಯಾಂಕಿಗೆ ಮಾಡುತ್ತಿದ್ದ ದೊಡ್ಡ ಉಪಕಾರ ನೊರೆ ತೆಗೆಯುವುದಲ್ಲ, ಗಾಳಿ ಕೊಡುವುದು. ಕಪ್ಪಿನಲ್ಲಿ ಕಾಣದ ಕೆಲಸವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 1960ರ ದಶಕದ ಆರಂಭದಲ್ಲೇ ಜಕಾರ್ತಾದ ಲೀ ಚಿನ್ ಎಂಗ್ ಅನ್ನುವವರು ಸ್ಕಿಮ್ಮರ್ ಇಲ್ಲದೆ, ಜೀವಂತ ಕಲ್ಲು (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ತುಂಬಿದ ಸಮುದ್ರದ ಕಲ್ಲು) ಇಟ್ಟು ಹವಳ ಸಾಕಿ ತೋರಿಸಿದ್ದರು. ಸ್ಕಿಮ್ಮರ್ ಬೇಡ ಅನ್ನುವವರು ಅವರ ಹೆಸರು ಹೇಳುವುದುಂಟು. ಅವರ ಟ್ಯಾಂಕಿನಲ್ಲೂ ಗಾಳಿಗುಳ್ಳೆ ಬಿಡುವ ನಳಿಕೆ ಇತ್ತು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹಾಗಾದರೆ ಸ್ಕಿಮ್ಮರ್ ಹಾಕಿಯೇ ಬಿಡೋಣವಾ? ತಕ್ಷಣ ಬೇಡ ಅಂದುಕೊಂಡೆವು. ಮೊದಲು ಕಡಿಮೆ ಪಿಎಚ್ ಟ್ಯಾಂಕಿನದೋ ಮನೆಯ ಗಾಳಿಯದೋ ತಿಳಿಯಬೇಕಿತ್ತು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಎರಡು ಲೋಟ ಟ್ಯಾಂಕಿನ ನೀರು. ಒಂದಕ್ಕೆ ಹಾಲ್‌ನಲ್ಲೇ ಏರ್ ಪಂಪ್ ಇಟ್ಟು ಗುಳ್ಳೆ ಬಿಟ್ಟೆವು, ಇನ್ನೊಂದಕ್ಕೆ ಬಾಲ್ಕನಿಯಲ್ಲಿ. ಒಂದು ಗಂಟೆ ಬಿಟ್ಟು ನೋಡಿದರೆ ಹಾಲ್‌ನಲ್ಲಿಟ್ಟ ಲೋಟದ ಪಿಎಚ್ 7.7ರಿಂದ 7.9ಕ್ಕೆ ಏರಿತ್ತು, ಬಾಲ್ಕನಿಯದು 8.2ಕ್ಕೆ. ಎರಡೂ ಕಾರಣ ಇದ್ದವು. ಟ್ಯಾಂಕಿಗೆ ಗಾಳಿ ಸಾಲುತ್ತಿರಲಿಲ್ಲ. ಸಿಗುತ್ತಿದ್ದ ಗಾಳಿಯಲ್ಲೂ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿತ್ತು, ಅದು ನೀರಿಗೆ ಬೆರೆತರೆ ಪಿಎಚ್ ಇಳಿಯುತ್ತದೆ. ಒಂದು ಮಾತು: ಪಿಎಚ್ ಇಳಿದದ್ದರಿಂದ ಮೀನು ಏದುಸಿರು ಬಿಟ್ಟವು ಅಂತಲ್ಲ. ಮನೆಯ ಗಾಳಿ ಎಷ್ಟೇ ಕೆಟ್ಟರೂ ಅದರಲ್ಲಿ ಮೀನಿಗೆ ಬೇಕಾದಷ್ಟು ಆಮ್ಲಜನಕ ಇದ್ದೇ ಇರುತ್ತದೆ. ಅದು ನೀರಿಗೆ ಇಳಿಯುತ್ತಿರಲಿಲ್ಲ, ಅದು ಬೇರೆ ವಿಷಯ. ಇವೆರಡನ್ನೂ ಕಲಸಿದರೆ ಪಿಎಚ್ ಏರಿಸುವ ಪುಡಿ ಸುರಿಯುವ ಕೆಲಸಕ್ಕೆ ಇಳಿಯುತ್ತೇವೆ.

ಗಾಜಿನ ಬದಲು ಬಲೆಯ ಮುಚ್ಚಳ ಬಂತು. ಒಂದು ವೇವ್‌ಮೇಕರ್ ಮೇಲ್ಮೈ ಕಡೆ ತಿರುಗಿತು, ನೀರು ಮೇಲೆ ಸಣ್ಣಗೆ ಕಲಕುವಷ್ಟು. ರಿಟರ್ನ್ ಪಂಪ್ ಹಳೆಯ ವೇಗಕ್ಕೆ ಬಂತು. ಕರೆಂಟು ಹೋದರೆ ಓಡಲು ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟರು. ಸ್ಕಿಮ್ಮರ್ ಆಫ್ ಆಗಿಯೇ ಉಳಿಯಿತು. ಬೆಳಗಿನ ಪಿಎಚ್ 7.9ಕ್ಕೆ ಬಂದು ನಿಂತಿತು. ನೈಟ್ರೇಟ್ 5ರಿಂದ 8ರ ನಡುವೆ, ಚೀಟೋ ಮತ್ತು ವಾರದ ನೀರು ಬದಲಾವಣೆಯಷ್ಟರಲ್ಲೇ. ಆ ಟ್ಯಾಂಕಿಗೆ, ಆ ನಾಲ್ಕು ಮೀನಿಗೆ, ಸ್ಕಿಮ್ಮರ್ ಬೇಕಿರಲಿಲ್ಲ. ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಮೀನು ಹೆಚ್ಚಾದಾಗ

ಆಮೇಲೆ ರಾಯರು ಒಂದು ಗಂಡು, ಎರಡು ಹೆಣ್ಣು ಲೈರ್‌ಟೇಲ್ ಆಂಥಿಯಾಸ್ ತಂದರು. ಮೂರಡಿ ಟ್ಯಾಂಕಿಗೆ ಈ ಮೀನು ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ, ಹೇಳಿಯೂ ಇದ್ದೆ. ಇವಕ್ಕೆ ದಿನಕ್ಕೆ ಮೂರು ಹೊತ್ತಾದರೂ ಊಟ ಬೇಕು. ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ದಿನವೂ ಬೀಳತೊಡಗಿತು. ಜೊತೆಗೆ ರಾಯರ ತಾಯಿ ಮಧ್ಯಾಹ್ನ "ಪಾಪ, ನೋಡ್ತಾ ನಿಂತಿವೆ" ಅಂತ ಒಂದು ಚಿಟಿಕೆ ಪೆಲೆಟ್. ಹಬ್ಬದ ಘಟನೆ ಆದಮೇಲೆ ಟ್ಯಾಂಕಿನ ಮೇಲೆ ಅವರಿಗೂ ಹಕ್ಕು ಬಂದಿತ್ತು.

ಎರಡು ತಿಂಗಳಲ್ಲಿ ನೈಟ್ರೇಟ್ 40, ಫಾಸ್ಫೇಟ್ 0.3. ಕಲ್ಲಿನ ಮೇಲೆ ಹಸಿರು ಕೂದಲು ಪಾಚಿ ಬೆಳೆದು ಜೋವಾಗಳ ಬುಡಕ್ಕೆ ಬಂತು.

ರಾಯರು ಮೊದಲು ನೀರು ಬದಲಿಸುವುದನ್ನೇ ದುಪ್ಪಟ್ಟು ಮಾಡಿದರು. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಶೇಕಡಾ ನೀರು ತೆಗೆದರೆ ನೈಟ್ರೇಟ್ 40 ಇದ್ದದ್ದು 32 ಆಗುತ್ತದೆ. ಮುಂದಿನ ವಾರದ ಊಟ ಅದನ್ನು ಮತ್ತೆ ಮೇಲೆತ್ತುತ್ತದೆ. ಒಂದು ಸಲಕ್ಕೆ 38 ಲೀಟರ್ ಅಂದರೆ ಸುಮಾರು ಒಂದೂವರೆ ಕೆಜಿ ರೀಫ್ ಉಪ್ಪು. ಅಷ್ಟು ಆರ್‌ಓ ನೀರಿಗೆ ಅದರ ಎರಡು ಮೂರು ಪಟ್ಟು ನೀರು ಹೊರಗೆ ಹೋಗುತ್ತದೆ. ಅವರ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. 2024ರ ಬೇಸಿಗೆ ನೋಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ದಂಡೆಯಲ್ಲಿರುವವರೋ ನೀರಿಗೆ ಬರವಿಲ್ಲದ ಊರಿನವರೋ "ಸ್ಕಿಮ್ಮರ್ ಬೇಡ, ನೀರು ಬದಲಿಸಿ ಸಾಕು" ಅಂದರೆ ಅದು ಅವರ ಊರಿನ ಸಲಹೆ. ಸ್ಕಿಮ್ಮರಿನ ಪಂಪು 20 ವಾಟಿನದು. ಇಡೀ ತಿಂಗಳು ಓಡಿದರೂ 15 ಯೂನಿಟ್ ಮುಟ್ಟುವುದಿಲ್ಲ.

ಸ್ಕಿಮ್ಮರ್ ಮತ್ತೆ ಸಂಪಿಗೆ ಇಳಿಯಿತು. ಆದರೆ ಸದ್ದು? ಬಿಚ್ಚಿ ನೋಡಿದರೆ ಗಾಳಿ ಎಳೆಯುವ ವೆಂಚುರಿ ರಂಧ್ರದಲ್ಲಿ ಉಪ್ಪು ಕಟ್ಟಿಕೊಂಡು ಅರ್ಧ ಮುಚ್ಚಿತ್ತು. ಪಂಪಿನ ಮುಳ್ಳುಚಕ್ರಕ್ಕೂ ಸುಣ್ಣ ಹತ್ತಿತ್ತು. ಒಂದು ರಾತ್ರಿ ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರು. ಕೆಳಗೆ ಸ್ಪಂಜಿನ ತುಂಡು ಇಟ್ಟರು. ಕೊರ್ ಅನ್ನುವುದು ಹೋಯಿತು, ಗಾಳಿ ಎಳೆಯುವ ಸುಂಯ್ ಸದ್ದು ಉಳಿಯಿತು. ಅದಕ್ಕೆ ಗಾಳಿಯ ಟ್ಯೂಬನ್ನು ಉದ್ದ ಮಾಡಿ ಕಿಟಕಿ ಸಂದಿಯಿಂದ ಬಾಲ್ಕನಿಗೆ ಬಿಟ್ಟರು. ಸದ್ದು ಆಚೆ ಹೋಯಿತು, ಒಳಗೆ ಹೊರಗಿನ ತಾಜಾ ಗಾಳಿ ಬಂತು, ಬೆಳಗಿನ ಪಿಎಚ್ 8.1 ಮುಟ್ಟಿತು. ಅಷ್ಟು ದಿನದ ಜಗಳಕ್ಕೆ ಬೇಕಾಗಿದ್ದದ್ದು ಒಂದು ಬಾಟಲಿ ವಿನೆಗರ್, ಎರಡು ಮೀಟರ್ ಟ್ಯೂಬು!

ಹೀಗೆ ಮಾಡುವವರಿಗೆ ಒಂದು ಎಚ್ಚರಿಕೆ. ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬೀದಿಗೆ ಬಂದರೆ ಆ ಟ್ಯೂಬು ಅದನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಸೊಳ್ಳೆ ಔಷಧಿಯಲ್ಲಿರುವ ಪೈರೆಥ್ರಾಯ್ಡ್ ಸೀಗಡಿಗೂ ಮೀನಿಗೂ ವಿಷ. ಗಾಡಿಯ ಸದ್ದು ಕೇಳಿದ ಕೂಡಲೇ ಸ್ಕಿಮ್ಮರ್ ಆಫ್ ಮಾಡುವುದು ಈಗ ರಾಯರ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಟ್ಯೂಬಿನ ಬಾಯಿಗೆ ಇದ್ದಿಲಿನ ಡಬ್ಬಿ ಒಂದನ್ನೂ ಸಿಕ್ಕಿಸಿದ್ದಾರೆ.

ಅದೇ ಸ್ಕಿಮ್ಮರ್, ಅದೇ ಟ್ಯಾಂಕ್. ಈ ಸಲ ವಾರದೊಳಗೆ ಕಪ್ಪಿನಲ್ಲಿ ಕಡು ಕಂದು ಬಣ್ಣದ, ಮೂಗು ಮುಚ್ಚಿಕೊಳ್ಳಬೇಕಾದ ನೀರು. ತಿನ್ನಲು ಕೊಳೆ ಸಿಕ್ಕ ಮೇಲೆ ನೊರೆ ತಾನಾಗಿಯೇ ನಿಂತಿತು. ನೈಟ್ರೇಟ್ ಮಾತ್ರ ಕೂಡಲೇ ಇಳಿಯಲಿಲ್ಲ. ಈಗಾಗಲೇ ಕರಗಿದ್ದನ್ನು ತೆಗೆಯಲು ಚೀಟೋ ಲೈಟಿನ ಹೊತ್ತು ಹೆಚ್ಚಿಸಬೇಕಾಯಿತು, ಮಧ್ಯಾಹ್ನದ ಪೆಲೆಟ್ಟಿನ ಬಗ್ಗೆ ತಾಯಿಯ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಎರಡು ಮೂರು ತಿಂಗಳಲ್ಲಿ 12ಕ್ಕೆ ಬಂತು, ಫಾಸ್ಫೇಟ್ 0.08. ಕೂದಲು ಪಾಚಿಯನ್ನು ಕೈಯಲ್ಲೇ ಕಿತ್ತರು. ಕೈಗವಸು ಹಾಕಿಕೊಂಡೇ ಕೀಳಿ. ಜೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ವಿಷ ಇರಬಹುದು, ಚರ್ಮ ಒಡೆದಿದ್ದರೆ ಅಪಾಯ.

ಈಗ ಯಾರಾದರೂ ಕೇಳಿದರೆ

ಸ್ಕಿಮ್ಮರ್ ಬೇಕಾ ಅಂತ ಕೇಳಿದವರಿಗೆ ನಾನು ಮೊದಲು ಟ್ಯಾಂಕಿನ ಲೀಟರ್ ಕೇಳುವುದಿಲ್ಲ. ದಿನಕ್ಕೆ ಎಷ್ಟು ಊಟ ಹಾಕ್ತೀರಿ, ನೈಟ್ರೇಟ್ ಫಾಸ್ಫೇಟ್ ಯಾವ ಕಡೆ ಹೋಗ್ತಿದೆ, ಸ್ಕಿಮ್ಮರ್ ನಿಂತ ರಾತ್ರಿ ನೀರಿಗೆ ಗಾಳಿ ಎಲ್ಲಿಂದ ಬರತ್ತೆ, ಇವನ್ನು ಕೇಳುತ್ತೇನೆ. ಮೂರನೆಯದಕ್ಕೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಈಗಾಗಲೇ ಸ್ಕಿಮ್ಮರ್ ಇದ್ದು ನಿಲ್ಲಿಸಬೇಕು ಅನ್ನುವವರಿಗೆ ಹೇಳುವುದು: ಅದೊಂದನ್ನೇ ನಿಲ್ಲಿಸಿ, ಬೇರೆ ಯಾವುದನ್ನೂ ಮುಟ್ಟಬೇಡಿ, ಲೈಟು ಹಾಕುವ ಮೊದಲು ಬೆಳಗಿನ ಪಿಎಚ್ ಬರೆದಿಡಿ.

ಇತ್ತೀಚೆಗೆ ರಾಯರ ಪಕ್ಕದ ಬ್ಲಾಕಿನವರೊಬ್ಬರು 60 ಲೀಟರಿನ ಸಣ್ಣ ಟ್ಯಾಂಕ್ ಇಟ್ಟರು. ಒಂದು ಜೋಡಿ ಕ್ಲೌನ್, ಬರೀ ಜೋವಾ ಮತ್ತು ಮಶ್ರೂಮ್, ವಾರಕ್ಕೆ 6 ಲೀಟರ್ ನೀರು ಬದಲು. ಹಿಂದೆ ತೂಗುಹಾಕಿದ ಫಿಲ್ಟರಿನಿಂದ ನೀರು ಮೇಲ್ಮೈಗೇ ಬೀಳುತ್ತದೆ. ಅವರು ಸ್ಕಿಮ್ಮರ್ ತರಲು ಹೊರಟಿದ್ದರು. ಆ ದುಡ್ಡಿಗೆ ಫಾಸ್ಫೇಟ್ ಮೀಟರ್ ತಗೊಳ್ಳಿ ಅಂದೆವು, ತಗೊಂಡರು. ರಾಯರು ಜೊತೆಗೆ ತಮ್ಮ ಹಳೆಯ ಗಾಜಿನ ಮುಚ್ಚಳ ಕೊಡಲು ಹೋಗಿದ್ದರು, ಅದನ್ನು ನಾನು ತಡೆದೆ.